ಮಧ್ಯಾಹ್ನಕ್ಕೊಂದು ಚಿತ್ರ

ಅಕ್ಕ ನಿಂತು ಈ ಚೈತ್ರಕ್ಕೆ ಒಂಬತ್ತು ವರ್ಷ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಾಳೆ. ಎಡಗೈಯಲ್ಲಿ ಸೌಟು, ಬಲಗೈ ಎದುರಿಗೆ ಚಾಚಿದೆ. ನಮ್ಮೂರಿನಲ್ಲಿ ಒಬ್ಬರು ನಿಂತರು ಅಂದರೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಯಾವಾಗ, ಎಲ್ಲಿ, ಓಡಾಡುವ ದಾರಿಗೆ ಅಡ್ಡವಾಗಿದೆಯೇ ಎಂದಷ್ಟೇ ಕೇಳುತ್ತಾರೆ. ಕ್ಷೌರದಂಗಡಿಯ ಮಲ್ಲೇಶಿ ಗಿರಾಕಿಯೊಬ್ಬನ ಕಿವಿಯ ಬಳಿ ಕತ್ತರಿ ಹಿಡಿದೇ ನಿಂತುಬಿಟ್ಟಾಗ, ಆ ಗಿರಾಕಿ ತಲೆ ತಗ್ಗಿಸಿ ಮೆಲ್ಲಗೆ ಹೊರಗೆ ಜಾರಿ, ಮನೆಗೆ ಹೋಗಿ ಉಳಿದರ್ಧ ಕೂದಲನ್ನು ಹೆಂಡತಿಯ ಕೈಲಿ ಕತ್ತರಿಸಿಕೊಂಡ. ಮಲ್ಲೇಶಿಯ ತಮ್ಮ ಮರುದಿನದಿಂದ ಪಕ್ಕದ ಕುರ್ಚಿಯಲ್ಲಿ ಕೆಲಸ ಮುಂದುವರಿಸಿದ. ಈಗಲೂ ಆ ಅಂಗಡಿಗೆ ಹೋದವರು ಮಲ್ಲೇಶಿಯ ಮೊಣಕೈ ತಗಲದಂತೆ ಬಗ್ಗಿ ಒಳಗೆ ಹೋಗುತ್ತಾರೆ.

ನಿಂತವರು ಸತ್ತವರಲ್ಲ. ಮೈ ಬೆಚ್ಚಗಿರುತ್ತದೆ. ಉಗುರೂ ಬೆಳೆಯುತ್ತದೆ, ಆದರೆ ಕಣ್ಣಿಗೆ ಕಾಣದಷ್ಟು ನಿಧಾನ. ನಿಲ್ಲುವ ಮೊದಲು ಲಕ್ಷಣಗಳಿವೆ: ಕೈಯಲ್ಲಿದ್ದ ಕಾಫಿ ಕುಡಿಯುವಷ್ಟರಲ್ಲಿ ಆರಿರುತ್ತದೆ, ಆಡುತ್ತಿದ್ದ ಮಾತಿನ ಉಳಿದರ್ಧ ಬೇಗ ಬರುವುದಿಲ್ಲ, ಎದುರಿಗಿರುವವರು ಗಡಿಬಿಡಿಯಲ್ಲಿ ಮಾತಾಡಿದಂತೆ ಅನಿಸುತ್ತದೆ. ಆಗ ಎದ್ದು ಓಡಾಡಬೇಕು, ಜೋರಾಗಿ ಯಾರ ಜೊತೆಗಾದರೂ ಜಗಳವಾಡಬೇಕು. ಹಾಗೆ ಮಾಡಿ ತಪ್ಪಿಸಿಕೊಂಡವರಿದ್ದಾರೆ.

ಊರಿನ ಮೇಲುಗಡೆ ಸುಣ್ಣದ ಭಟ್ಟಿಗಳಿವೆ. ಗಾಳಿ ಬೀಸಿದರೆ ಬಿಳಿ ದೂಳು ಎಲ್ಲದರ ಮೇಲೂ ಕೂರುತ್ತದೆ. ಆದ್ದರಿಂದ ನಿಂತವರ ಸುತ್ತ ಪರದೆ ಇಳಿಬಿಡುವುದು ಮೊದಲಾಯಿತು. ಕಾಲ ಕಳೆದಂತೆ ದೂಳಿನ ಮಾತು ಹಿಂದೆ ಸರಿದು ಅದು ಮರ್ಯಾದೆಯಾಯಿತು. ಊಟ ಮಾಡುವವರ ಬಾಯನ್ನೇ ದಿಟ್ಟಿಸಿದಷ್ಟು ಕೆಟ್ಟದ್ದು, ನಿಂತವರನ್ನು ಪರದೆ ಸರಿಸಿ ನೋಡುವುದು. ಪರದೆ ತೆರೆಯುವುದು ದಿನಕ್ಕೆ ಒಂದೇ ಸಲ, ನಡುಮಧ್ಯಾಹ್ನ, ಕ್ಯಾಮೆರಾಕ್ಕಾಗಿ.

ಆ ಕ್ಯಾಮೆರಾ ಮಾಡಿದವರು ಸ್ಟುಡಿಯೋದ ಜೋಸೆಫಪ್ಪ. ಗೋಡೆ ಗಡಿಯಾರಕ್ಕೆ ಹಲ್ಲಿನ ಚಕ್ರ, ಕೊಕ್ಕೆ, ಹಗ್ಗ ಜೋಡಿಸಿದ್ದರು. ಹನ್ನೆರಡು ಹೊಡೆದಾಗ ಹಗ್ಗ ಎಳೆದು ಪರದೆ ತೆರೆಯುತ್ತದೆ, ಕ್ಯಾಮೆರಾ ಒಂದು ಚಿತ್ರ ಹಿಡಿಯುತ್ತದೆ, ಪರದೆ ಬೀಳುತ್ತದೆ. ಯಾರೂ ಇರಬೇಕಾಗಿಲ್ಲ. ನೆರಳು ದಿನವೂ ಒಂದೇ ಕಡೆ ಬಿದ್ದರೆ ಮಾತ್ರ ಚಿತ್ರ ಚಿತ್ರಕ್ಕೆ ಹೊಂದುತ್ತದೆ ಎಂದು ಮಧ್ಯಾಹ್ನವನ್ನೇ ಆರಿಸಿದ್ದರು. ವರ್ಷಕ್ಕೆ ಮುನ್ನೂರ ಅರವತ್ತೈದು ಚಿತ್ರ. ಅವನ್ನು ಸುರುಳಿಯಾಗಿ ಬಿಳಿಬಟ್ಟೆಯ ಮೇಲೆ ಓಡಿಸಿದರೆ ಇಪ್ಪತ್ಮೂರು ಸೆಕೆಂಡಿಗೆ ಮುಗಿಯುತ್ತದೆ. ಅದನ್ನು ನಾವು ನೋಟ ಎನ್ನುತ್ತೇವೆ. ನೋಟದ ದಿನ ಮನೆಯವರೆಲ್ಲ ಸ್ಟುಡಿಯೋಗೆ ಬಂದು ಚಾಪೆಯ ಮೇಲೆ ಕೂರುತ್ತಾರೆ. ಮೂರು ವರ್ಷದ ನೋಟ ಸೇರಿದರೆ ಒಬ್ಬ ಅಜ್ಜಿ ಒಂದು ಸಲ ಕಣ್ಣು ಮಿಟುಕಿಸುತ್ತಾಳೆ, ಮನೆಯವರು ಕೊಬ್ಬರಿಮಿಠಾಯಿ ಹಂಚುತ್ತಾರೆ. ನಿಂತವರೊಬ್ಬರು ನೋಟದಲ್ಲಿ ಬೆರಳು ತೋರಿಸಿದ ಗೂಡಿನಲ್ಲಿ ಹುಡುಕಿ ಕಳೆದುಹೋದ ಬೀಗದಕೈ ಪಡೆದದ್ದುಂಟು. ಇಂಥ ಗಡಿಯಾರದ ಕ್ಯಾಮೆರಾವನ್ನು ಜನ ಬೇರೆ ಕೆಲಸಕ್ಕೂ ಒಯ್ಯುತ್ತಾರೆ. ಬಾಣಂತಿಯೊಬ್ಬಳು ತೊಟ್ಟಿಲ ಮುಂದೆ ಇಡಿಸಿಕೊಂಡಳು. ಹಿಟ್ಟು ಉಬ್ಬಿದಂತೆ ಮಗು ಬೆಳೆಯುವುದನ್ನು ನೋಡಿ ಹೆದರಿ, ಮತ್ತೆ ನೋಡಲಿಲ್ಲ. ನಿವೃತ್ತ ಅಂಚೆಯವರೊಬ್ಬರು ತಾವೇ ದಿನಾ ಅದರ ಮುಂದೆ ಕೂತು, ತಾವು ಇನ್ನೂ ಅಲ್ಲಾಡುತ್ತಿದ್ದೇವೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ.

ನೋಟದಲ್ಲಿ ಕಂಡದ್ದನ್ನು ಮೀರುವಂತಿಲ್ಲ. ಅದೊಂದೇ ನಮ್ಮೂರಿನ ಕಟ್ಟುಪಾಡು.

ಅಕ್ಕ ನಿಂತ ದಿನ ಅವಳಿಗೂ ನನಗೂ ಮಾತು ಬೆಳೆದಿತ್ತು. ನನ್ನನ್ನು ಸಾಕಿದವಳು ಅವಳೇ. ಡಿಗ್ರಿ ಮುಗಿಸಿ ಬಂದು ತಿಂಗಳಾಗಿತ್ತು, ನಾನು ಕೋಣೆಯಲ್ಲಿ ಸುಮ್ಮನೆ ಮಲಗಿರುತ್ತಿದ್ದೆ. ಏಕೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಮಾತು ಶುರುಮಾಡಿದರೆ ಏನೋ ಒಡೆದುಹೋಗುತ್ತದೆ ಎಂಬ ಭಯವಿತ್ತು, ಅಷ್ಟೇ. ಅಕ್ಕನಿಗೆ ಅದು ಅರ್ಥವಾಗುವಂಥದ್ದಲ್ಲ. ಅವಳು ಎಲ್ಲದರಲ್ಲೂ ಚುರುಕು. ನಾವು ಒಂದು ಬೆಂಡೆಕಾಯಿ ಹೆಚ್ಚುವಷ್ಟರಲ್ಲಿ ಅವಳ ಒಗ್ಗರಣೆ ಮುಗಿದಿರುತ್ತಿತ್ತು.

"ಬಡಿಸಿ ಎಷ್ಟು ಹೊತ್ತಾಯ್ತೋ ಚಿದೂ. ಮಾತಾಡಿದ್ರೆ ಮುತ್ತು ಉದುರಿಹೋಗುತ್ತೇನೋ ನಿಂಗೆ?"

"ನನ್ನ ಪಾಡಿಗೆ ನನ್ನ ಬಿಡು. ಈ ಮನೇಲಿ ಒಂದು ಗಳಿಗೆ ಸುಮ್ಮನಿರೋ ಹಾಗಿಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಹಜಾರದಲ್ಲಿ ಅವಳ ಮಗಳು ಇಂದು, ಎಂಟು ವರ್ಷದವಳು, ಬರೀ ಬಳಪ ಹಿಡಿದು ಕೂತಿದ್ದಳು. ಅಕ್ಕ ಅಡುಗೆಮನೆಯಿಂದ ಬೇಗಬೇಗ ಬಂದ ಸಪ್ಪಳ ಕೇಳಿತು, ನಾನು ತಿರುಗಲಿಲ್ಲ. ಸಂಜೆ ಬಂದಾಗ ಅವಳು ಹೊಸ್ತಿಲಲ್ಲಿ ನಿಂತಿದ್ದಳು. ನಾನು ಕೇಳಿದ ಮೌನ ಆ ಮನೆಗೆ ಬಂದಿತ್ತು.

ವರ್ಷ ಕಳೆದ ಮೇಲೆ ಮೊದಲ ನೋಟ. ಚಾಪೆಯ ಮೇಲೆ ಭಾವ, ಇಂದು, ನಾನು. ಹಿಂದೆ ಅಕ್ಕಪಕ್ಕದವರು. ದೀಪ ಆರಿತು. ಬಟ್ಟೆಯ ಮೇಲೆ ಅಕ್ಕ ಕಾಣಿಸಿಕೊಂಡಳು, ಅವಳ ಕೈ ಅಲ್ಲಾಡಿತು. ನಮ್ಮೂರಿನಲ್ಲಿ ಅಷ್ಟು ಅಲ್ಲಾಡಿದ ಕೈಯನ್ನು ಯಾರೂ ನೋಡಿರಲಿಲ್ಲ. ಅಂಗೈ ಕೆಳಗೆ ಮಾಡಿ, ಎದೆಯ ಹತ್ತಿರದಿಂದ ನಮ್ಮ ಕಡೆಗೆ ಬೆರಳು ಕೊಡವುತ್ತಿದ್ದಳು. ಒಮ್ಮೆಯಲ್ಲ, ಹದಿನಾಲ್ಕು ಸಲ. ಕೋಳಿ ಅಟ್ಟುವ ಹಾಗೆ. ಹಿಂದಿನಿಂದ ಯಾರೋ ಮೆಲ್ಲಗೆ ಅಂದರು, "ಹೋಗಿ ಅಂತಿದಾಳೆ ಪಾಪ."

ಇನ್ನೂ ಎರಡು ನೋಟ ಕಾದೆವು. ಬದಲಾಗಲಿಲ್ಲ. ಭಾವ ಮನೆಗೆ ಬೀಗ ಹಾಕಿ ಇಂದುವನ್ನು ಕರೆದುಕೊಂಡು ಕೆಳಗಿನ ಬೀದಿಗೆ ಹೋದರು. ಮರುವರ್ಷ ಇನ್ನೊಂದು ಮದುವೆಯಾದರು. ಊರು ಅದನ್ನು ತಪ್ಪು ಎನ್ನಲಿಲ್ಲ. ಹೋಗು ಅಂದವಳು ಅವಳೇ ತಾನೆ. ನಾನು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿ ಅಲ್ಲಿನ ಅಟ್ಟದ ಮೇಲೆ ಉಳಿದುಕೊಂಡೆ. ತಿಂಗಳಿಗೊಮ್ಮೆ ಹೋಗಿ ಅಕ್ಕನ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದೆ, ಪರದೆಗೆ ಬೆನ್ನು ಹಾಕಿ. ಪರದೆಯ ಆಚೆ ಅವಳು ನನ್ನನ್ನು ಅಟ್ಟುತ್ತಲೇ ಇದ್ದಾಳೆ ಎಂಬುದು ಬೆನ್ನಿಗೆ ಗೊತ್ತಾಗುತ್ತಿತ್ತು.

ಸ್ಟುಡಿಯೋ ನಡೆಸುವವರು ಜೋಸೆಫಪ್ಪನ ಹೆಂಡತಿ ಮಾರ್ಗರೇಟಮ್ಮ. ಜೋಸೆಫಪ್ಪನೇ ನಿಂತು ಹನ್ನೊಂದು ವರ್ಷವಾಯಿತು, ಹಿಂದಿನ ಕೋಣೆಯಲ್ಲಿ. ಅಲ್ಲಿ ಚಿತ್ರ ಒಣಹಾಕುವ ದಾರಗಳು ಅವರ ಪರದೆಯ ಮೇಲೆಯೇ ಹಾದುಹೋಗುತ್ತವೆ. ಅವರ ನೋಟದಲ್ಲಿ ಮುಖ ವರ್ಷದಿಂದ ವರ್ಷಕ್ಕೆ ಹೆಂಡತಿ ಕೂರುವ ಕುರ್ಚಿಯಿಂದ ಗೋಡೆಯ ಕಡೆಗೆ ತಿರುಗುತ್ತಿದೆ. "ನನ್ನ ಮೋರೆ ನೋಡೋಕಾಗದೆ ಗೋಡೆ ನೋಡ್ತಾನೆ" ಎಂದು ಆಕೆ ನಗುತ್ತಾರೆ. ನನ್ನನ್ನೂ ಬಿಡುವುದಿಲ್ಲ. "ನೀನು ಮೊದಲೇ ಅರ್ಧ ನಿಂತೋನು. ಪೂರ್ತಿ ನಿಂತರೆ ನಂಗೆ ಹೆಂಗೋ ಗೊತ್ತಾಗ್ಬೇಕು? ಆಗಾಗ ಕೆಮ್ಮುತಾ ಇರು ಮಗಾ."

ಈ ಸಲದ ನೋಟ ಮುಗಿಸಿ, ಅಕ್ಕನ ಕ್ಯಾಮೆರಾಕ್ಕೆ ಹೊಸ ಸುರುಳಿ ಹಾಕಿ ಬಂದು ತಿಂಗಳಾಗಿತ್ತು. ಕೀಲಿ ಕೊಡಲು ಹೋದರೆ ಸುರುಳಿ ಮುಗಿದುಹೋಗಿತ್ತು. ಒಂದು ವರ್ಷ ಬರಬೇಕಾದದ್ದು. ನಾನು ಗಡಿಯಾರದ ಮುಂದೆ ನಿಂತಿದ್ದಂತೆಯೇ ನಾಲ್ಕು ಹೊಡೆಯಿತು. ನನ್ನ ಬೆನ್ನ ಹಿಂದೆ ಪರದೆ ಸರ್ರನೆ ತೆರೆಯಿತು, ಖಾಲಿ ಕ್ಯಾಮೆರಾ ಟಕ್ಕೆಂದಿತು, ಪರದೆ ಬಿತ್ತು. ನಾಲ್ಕು ಗಂಟೆಗೆ ಪರದೆ ತೆರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ದಿನಕ್ಕೊಮ್ಮೆ ಮಾತ್ರ ಕೊಕ್ಕೆ ಬಿಡಿಸುವ ಹಲ್ಲು ಸವೆದುಹೋಗಿ, ಗಂಟೆಗಂಟೆಗೂ ಕೊಕ್ಕೆ ಬಿಡುತ್ತಿತ್ತು. ಹದಿನೈದು ದಿನಕ್ಕೇ ಸುರುಳಿ ತೀರಿತ್ತು.

ಎಸೆಯುವ ಮೊದಲು ಒಂದು ಸಲ ಓಡಿಸೋಣ ಎಂದವರು ಮಾರ್ಗರೇಟಮ್ಮ. ಕಿಟಕಿ ಮುಚ್ಚಿ ಓಡಿಸಿದೆವು. ಬೆಳಕು, ಕತ್ತಲೆ, ಬೆಳಕು, ಕತ್ತಲೆ. ಹಗಲಿನ ಗಂಟೆಗಳಲ್ಲಿ ಅಕ್ಕ ಕಾಣುತ್ತಿದ್ದಳು, ರಾತ್ರಿಯ ಗಂಟೆಗಳಲ್ಲಿ ಬರೀ ಕಪ್ಪು. ಬಟ್ಟೆಯೇ ರೆಪ್ಪೆ ಬಡಿದಂತಿತ್ತು. ಬೆಳಕಿನಲ್ಲಿ ಅವಳ ಕೈ ದೂರದಿಂದ ಕೆಳಗಿಳಿದು ಎದೆಯ ಕಡೆಗೆ ಸೆಳೆದುಕೊಳ್ಳುತ್ತಿತ್ತು. ಅಂಗೈ ಕೆಳಗೆ, ಬೆರಳು ಒಳಕ್ಕೆ.

ಮಾರ್ಗರೇಟಮ್ಮ ಬಟ್ಟೆಯ ಹತ್ತಿರಕ್ಕೆ ಸರಿದು ಕೂತರು. ಆಮೇಲೆ, "ಇನ್ನೊಂದು ಸಲ ಹಾಕು" ಎಂದರು. ಮೂರು ಸಲ ಹಾಕಿದೆ.

"ಸುರುಳಿ ಉಲ್ಟಾ ಸುತ್ತಿದೀಯೇನೋ?"

"ಇಲ್ಲಮ್ಮ. ಗೋಡೆ ಮೇಲೆ ನೆರಳು ನೋಡಿ, ಬೆಳಿಗ್ಗೆಯಿಂದ ಸಂಜೆ ಕಡೆಗೇ ಹೋಗ್ತಿದೆ."

ನಾನು ಚಿತ್ರ ಎಣಿಸಿದೆ. ಕೈ ಒಂದು ಸುತ್ತು ಹೋಗಿ ಮೊದಲಿನ ಜಾಗಕ್ಕೆ ಬರಲು ಇಪ್ಪತ್ತೈದು ಚಿತ್ರ ಬೇಕಿತ್ತು. ಇಪ್ಪತ್ತೈದು ಗಂಟೆ. ಒಂದು ದಿನ, ಮೇಲೊಂದು ಗಂಟೆ. ಉಳಿದವರೆಲ್ಲ ಒಂದು ರೆಪ್ಪೆಗೆ ಮೂರು ವರ್ಷ ತೆಗೆದುಕೊಳ್ಳುವ ಊರಿನಲ್ಲಿ ನನ್ನಕ್ಕ ನಿಂತೂ ಚುರುಕಾಗಿಯೇ ಇದ್ದಳು. ನಾವು ಇಪ್ಪತ್ನಾಲ್ಕು ಗಂಟೆಗೊಮ್ಮೆ ಪರದೆ ತೆರೆಯುತ್ತಿದ್ದೆವು. ಪ್ರತಿದಿನ ಅವಳ ಕೈ ಸುತ್ತು ಮುಗಿಸಲು ಒಂದು ಗಂಟೆ ಬಾಕಿ ಇರುವಾಗಲೇ ಚಿತ್ರ ಹಿಡಿಯುತ್ತಿದ್ದೆವು. ನಿನ್ನೆಗಿಂತ ಇವತ್ತು ಒಂದು ಗಂಟೆ ಹಿಂದೆ, ಇವತ್ತಿಗಿಂತ ನಾಳೆ ಇನ್ನೊಂದು ಗಂಟೆ ಹಿಂದೆ. ಜೋಡಿಸಿ ಓಡಿಸಿದರೆ ಕೈ ಹಿಂದುಹಿಂದಕ್ಕೆ ಹೋಗುತ್ತಿತ್ತು. ಒಳಗೆ ಸೆಳೆಯುವ ಕೈ ಹೊರಗೆ ಅಟ್ಟುವ ಕೈಯಾಗಿತ್ತು.

"ಟಾಕೀಸಲ್ಲಿ ಕುದುರೆಗಾಡಿ ಮುಂದೆ ಓಡ್ತಿದ್ರೂ ಚಕ್ರ ಹಿಂದಕ್ಕೆ ತಿರುಗೋದು ಕಾಣುತ್ತಲ್ಲ, ಹಾಗೆ" ಎಂದೆ.

"ಬಾ ಅಂತಿದ್ಲು" ಎಂದರು ಮಾರ್ಗರೇಟಮ್ಮ.

ಆಕೆ ಎದ್ದು ಕಿಟಕಿ ತೆರೆದರು. ಬೆಳಕಿನಲ್ಲಿ ಅವರ ಮುಖ ಬಿಳುಚಿತ್ತು. "ಚಿದು, ಇದನ್ನ ಯಾರಿಗೂ ಹೇಳ್ಬೇಡ. ಈ ಊರಲ್ಲಿ ನೋಟ ನಂಬಿ ಎಷ್ಟು ಮನೆ ಒಡೆದಿದೆ, ಎಷ್ಟು ಮನೆ ಸೇರಿದೆ. ಈಗ ಹೋಗಿ ಎಲ್ಲಾ ತಿರುಗಾಮುರುಗಾ ಆಗಿತ್ತು ಅಂದ್ರೆ? ಹರಕೊಂಡಿರೋದನ್ನ ಯಾರು ಹೊಲೀತಾರೆ?"

"ಒಂಬತ್ತು ವರ್ಷದಿಂದ ಕರೀತಿದಾಳಮ್ಮ."

"ಕೇಳಿಸ್ತು ನಂಗೆ" ಎಂದು ಗದರಿದರು. ಆಮೇಲೆ ಹಿಂದಿನ ಕೋಣೆಗೆ ಹೋದರು. ಬಹಳ ಹೊತ್ತು ಅಲ್ಲಿಂದ ಉಕ್ಕಿನ ಸಣ್ಣ ಸದ್ದು ಬರುತ್ತಿತ್ತು. ಜೋಸೆಫಪ್ಪನ ಗಡಿಯಾರದ ಹಲ್ಲಿನ ಚಕ್ರವನ್ನು ಆಕೆ ಬಿಚ್ಚುತ್ತಿದ್ದರು.

ಮರುದಿನ ಭಾವನ ಮನೆಗೆ ಹೋದೆ. ಒಂಬತ್ತು ವರ್ಷದಲ್ಲಿ ನಾವು ಸರಿಯಾಗಿ ಮಾತಾಡಿದ್ದೇ ಇಲ್ಲ. ಹೇಳಿದ್ದನ್ನೆಲ್ಲ ಕೇಳಿ ಅವರು ಅಂಗಳದಲ್ಲಿದ್ದ ಎರಡನೇ ಹೆಂಡತಿಯ ಸಣ್ಣ ಮಗುವಿನ ಕಡೆ ನೋಡಿದರು. "ಹೋಗು ಅಂದ್ಲು, ಹೋದೆ. ಈಗ ಬಾ ಅಂತಾಳೆ ಅಂದ್ರೆ ಯಾವ ಕಾಲಲ್ಲಿ ನಡಕೊಂಡು ಬರ್ಲೋ?" ಎಂದರು. ಸಿಟ್ಟಿರಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು.

ಮಗಳು ಇಂದು ಮಾತ್ರ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದಳು. ಈಗ ಹದಿನೇಳು. ನಡಿಗೆ ಅಕ್ಕನದೇ, ಎರಡು ಹೆಜ್ಜೆ ಮುಂದಿರುತ್ತಾಳೆ.

"ಅವತ್ತು ಸ್ಲೇಟು ಒಡೆದು ಹಾಕಿ ಸೀರೆ ಪೆಟ್ಟಿಗೇಲಿ ಬಚ್ಚಿಟ್ಟಿದ್ದೆ, ಚಿದು ಮಾಮ. ಅಮ್ಮಂಗೆ ಗೊತ್ತಾಗಿ ನನ್ನನ್ನೇ ಹೋಗು ಅಂದ್ಲು ಅಂತ ಇದ್ದೆ."

"ನಾನು ನನ್ನನ್ನ ಅಂತ ಇದ್ದೆ."

"ನೀನೊಬ್ಬನೇ ಅನ್ಕೊಂಡಿದ್ದೀಯಾ ಎಲ್ಲದಕ್ಕೂ?" ಎಂದಳು. ಮೂಗು ಒರೆಸಿಕೊಂಡಳು. "ಜಂಬ."

ಬೀಗ ತೆಗೆದೆವು. ಪರದೆಯನ್ನು ಇಂದುವೇ ಸರಿಸಿ ಮೊಳೆಗೆ ಕಟ್ಟಿದಳು. ಬರಿಗಣ್ಣಿನಿಂದ ಅಕ್ಕನನ್ನು ನೋಡಿ ಒಂಬತ್ತು ವರ್ಷವಾಗಿತ್ತು. ಅವಳಿಗೆ ವಯಸ್ಸಾಗಿರಲಿಲ್ಲ. ಹಣೆಯಲ್ಲಿ ಒಲೆಯ ಮುಂದಿನ ಬೆವರು ಇನ್ನೂ ಮಿನುಗುತ್ತಿತ್ತು. ಸೌಟಿನ ತುದಿಯಲ್ಲಿ ಸಾರಿನ ಒಂದು ಹನಿ ಬೀಳಬೇಕೋ ಬೇಡವೋ ಎಂಬಂತೆ ತೂಗುತ್ತಿತ್ತು. ನಾನು ಲೆಕ್ಕ ಹಾಕಿದೆ. ಒಂದು ಸಲ ಕೈಬೀಸಿ ಕರೆಯಲು ನಮಗೆ ಬೇಕಾಗುವುದು ಒಂದು ಸೆಕೆಂಡು. ಒಂಬತ್ತು ವರ್ಷದಲ್ಲಿ ಅವಳು ಮೂರು ಸಾವಿರದ ನೂರು ಚಿಲ್ಲರೆ ಸಲ ಕರೆದಿದ್ದಾಳೆ. ಅವಳ ಪಾಲಿಗೆ ಇನ್ನೂ ಒಂದು ಗಂಟೆಯೂ ಆಗಿಲ್ಲ. ನನ್ನ ತಟ್ಟೆಯ ಅನ್ನ ಪೂರ್ತಿ ಆರಿರಲಿಕ್ಕಿಲ್ಲ.

ಇದನ್ನು ಹೇಳಿದಾಗ ಇಂದು ಬಾಗಿಲ ಬಳಿ ಕೂತು ಅತ್ತಳು. ಆಮೇಲೆ ಮುಖ ತೊಳೆದು, ಮನೆಯೆಲ್ಲ ಗುಡಿಸಿ, ಕ್ಯಾಮೆರಾಕ್ಕೆ ಹೊಸ ಸುರುಳಿ ಹಾಕುವುದನ್ನು ನನ್ನಿಂದ ಕಲಿತಳು. ಸವೆದ ಹಲ್ಲನ್ನು ಹಾಗೆಯೇ ಬಿಟ್ಟೆವು. ಗಂಟೆಗೊಂದು ಚಿತ್ರ ಇರಲಿ. ನಾನು ಅಕ್ಕನ ಎದುರಿಗೆ, ಅವಳ ಕೈಗೆ ಸಿಗುವಷ್ಟು ಹತ್ತಿರ, ಮಣೆ ಹಾಕಿಕೊಂಡು ಕೂತೆ. ಕರೆದಳು, ಬಂದಿದ್ದೇನೆ, ಅದು ಅವಳಿಗೆ ಕಾಣಬೇಕಾದರೆ ನಾನು ಒಂದೆರಡು ದಿನವಾದರೂ ಅಲ್ಲಿ ಕೂತಿರಬೇಕು. ಒಂದು ಗಳಿಗೆ ಬಂದು ಹೋದರೆ ಅವಳ ಕಣ್ಣಿಗೆ ನಾನು ಬಂದೇ ಇಲ್ಲ.

ಮೂರನೆಯ ದಿನ ಮಾರ್ಗರೇಟಮ್ಮ ಬಂದರು. ಬಾಗಿಲಲ್ಲೇ ನಿಂತು ಅಕ್ಕನಿಗೆ ಕೈಮುಗಿದರು. ಜೋಸೆಫಪ್ಪನ ಗಂಟೆಗಂಟೆಯ ಸುರುಳಿಯನ್ನು ಓಡಿಸಿ ನೋಡಿದ್ದರಂತೆ, ಸುರುಳಿ ತುಂಬುವವರೆಗೂ ಕಾಯದೆ.

"ಏನು ಕಾಣಿಸ್ತು?"

"ಏನಿದೆ ಕಾಣ್ಸೋಕೆ? ಕೂದಲೆಳೆಯಷ್ಟೇ ಆದ್ರೂ ಗೋಡೆ ಕಡೆಗೇ ತಿರುಗಿದಾನೆ. ಸಾಚಾ ಮನುಷ್ಯ" ಎಂದು ನಕ್ಕರು. ನಗು ಮುಗಿಯುವ ಮೊದಲೇ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹೋಗುವಾಗ ನನ್ನನ್ನು ಒಂದು ಕ್ಷಣ ದಿಟ್ಟಿಸಿ, "ಕೆಮ್ಮೋ ಮಗಾ" ಎಂದರು. ಕೆಮ್ಮಿದೆ.

ದಿನಾ ಬೆಳಿಗ್ಗೆ ಸಂಜೆ ಇಂದು ಬಂದು ಹೋಗುತ್ತಿದ್ದಳು. ಉಳಿದ ಹೊತ್ತು ನಾನೂ ಅಕ್ಕನೂ. ಅಷ್ಟು ಒಳ್ಳೆಯ ಮೌನವನ್ನು ನಾನು ಎಲ್ಲೂ ಕಂಡಿರಲಿಲ್ಲ. ಅದರಲ್ಲಿ ಯಾರೂ ಮಾತು ತಡೆದುಕೊಂಡಿರಲಿಲ್ಲ, ಬರಬೇಕಾದ ಮಾತು ದಾರಿಯಲ್ಲಿತ್ತು. ಅದರೊಳಗೆ ಕೂತಿರುವುದು ನನಗೆ ಸುಲಭವಾಯಿತು. ಸುಲಭವಾದದ್ದಕ್ಕೆ ಹೆದರಬೇಕಿತ್ತು.

"ಮಾಮ, ಉಪ್ಪಿಟ್ಟು ಯಾಕೆ ತಿಂದಿಲ್ಲ?"

"ಈಗ ತಾನೇ ಇಟ್ಟೆಯಲ್ಲೇ. ಬಿಸಿ ಆರಲಿ."

ಅವಳು ತಟ್ಟೆ ಎತ್ತಿ ನನ್ನ ಮುಖದ ಮುಂದೆ ಹಿಡಿದಳು. ಅದರ ಮೇಲೆ ತೆಳ್ಳಗೆ ಸುಣ್ಣದ ದೂಳು ಕೂತಿತ್ತು. "ಮೊನ್ನೆ ಇಟ್ಟಿದ್ದು ಇದು" ಎಂದಳು. ನಾನು ನಗಲು ಹೊರಟೆ. ನಕ್ಕೆನೋ ಇಲ್ಲವೋ ತಿಳಿಯದು, ನೋಡುವಾಗ ಅವಳು ಅಲ್ಲಿರಲಿಲ್ಲ. ಬಾಗಿಲ ಬಿಸಿಲು ಗೋಡೆಗೆ ಹೋಗಿತ್ತು. ಮತ್ತೆ ಬಾಗಿಲಿಗೆ ಬಂದಿತ್ತು. ಅವಳು ಒಂದು ಸುರುಳಿ ಹಿಡಿದು ಬಂದು ಬೇಗಬೇಗ ಏನೋ ಹೇಳುತ್ತಿದ್ದಳು. ಸ್ಟುಡಿಯೋದಲ್ಲಿ ಓಡಿಸಿ ನೋಡಿದ್ದಾಳೆ. ಮೊದಲ ಚಿತ್ರಗಳಲ್ಲಿ ನಾನು ಒಂದೊಂದರಲ್ಲಿ ಒಂದೊಂದು ಥರ ಕೂತಿದ್ದೇನೆ, ಒಂದರಲ್ಲಿ ತಲೆ ಕೆರೆದುಕೊಳ್ಳುತ್ತಿದ್ದೇನೆ. ಕೊನೆಯ ಮೂವತ್ತು ಚಿತ್ರಗಳಲ್ಲಿ ಮಸುಕೂ ಇಲ್ಲ, ಅಲುಗಾಟವೂ ಇಲ್ಲ. "ಎದ್ದೇಳು ಮಾಮ. ಎದ್ದು ನನ್ನ ಜೊತೆ ಜಗಳ ಆಡು. ಏನಾದ್ರೂ ಬೈ."

ಈ ಪುಸ್ತಕವನ್ನು ನನ್ನ ತೊಡೆಯ ಮೇಲೆ ಇಟ್ಟವಳು ಅವಳೇ. ಬರೆಯುತ್ತಿದ್ದರೆ ಕೈಯಾದರೂ ಆಡುತ್ತದೆ ಎಂದು. ಮೊದಲ ಪುಟಗಳು ಬೇಗ ಬಂದವು. ಈಗ ಎರಡು ಪದಗಳ ನಡುವೆ ಲೇಖನಿಯ ತುದಿಯಲ್ಲಿ ಶಾಯಿ ಒಣಗುತ್ತದೆ. ಅವಳು ಪ್ರತಿ ಸಲ ತುದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ನನ್ನ ಬೆರಳಿಗೆ ಸಿಕ್ಕಿಸುತ್ತಾಳೆ. ಅವಳ ಧ್ವನಿ ಸೊಳ್ಳೆಯ ಸದ್ದಿನಷ್ಟು ಸಣ್ಣಗಾಗಿದೆ. ಹಗಲು ರಾತ್ರಿ ಬಾಗಿಲಲ್ಲಿ ಮಿಟುಕುತ್ತಿವೆ.

ಅಕ್ಕನ ಕೈ ಬರಿಗಣ್ಣಿಗೇ ಕಾಣುತ್ತಿದೆ. ಕೆಳಗಿಳಿಯಿತು. ಒಳಗೆ ಸೆಳೆಯಿತು. ಮತ್ತೆ ಚಾಚಿತು. ಇನ್ನೊಮ್ಮೆ ಇಳಿಯಲು ಹೊರಟದ್ದು ಅರ್ಧಕ್ಕೇ ನಿಂತಿತು. ಅವಳ ಕಣ್ಣು ನನ್ನ ಮೇಲೆ ಬಿತ್ತು. ಸೌಟಿನ ಹನಿ ಬಿದ್ದ ಸದ್ದು ಕೇಳಿತು. ಬಂದೆಯಲ್ಲ, ಕೈ ತೊಳ್ಕೊ ಎನ್ನುವಾಗ ಅವಳ ಮುಖ ಹೇಗಿರುತ್ತಿತ್ತೋ ಹಾಗಿದೆ.

ಹಿಂದೆ ಬೀದಿಬಾಗಿಲಲ್ಲಿ ಇಂದು ಇದ್ದಾಳೆ. ನನ್ನನ್ನು ಕೂಗುತ್ತಿದ್ದಾಳೆ, ಗೊತ್ತಾಗುತ್ತಿದೆ. ಒಮ್ಮೆ ಬೆನ್ನ ಹಿಂದಿನ ಕರೆಗೆ ತಿರುಗದೆ ಹೋದವನು ನಾನು. ಈ ಸಲ ತಿರುಗುತ್ತಿದ್ದೇನೆ. ಕುತ್ತಿಗೆ ತಿರುಗಲು ಶುರುವಾಗಿದೆ, ಬಲಗೈಯನ್ನು ಎತ್ತಲು ಹೊರಟಿದ್ದೇನೆ. ಪುಟ್ಟೀ, ಈ ಕೈ ನಿನಗೆ ಹೋಗು ಅನ್ನುತ್ತಿಲ್ಲ. ಬಾ ಅಂತಲೂ ಅಲ್ಲ, ಇಲ್ಲಿ ಕೂರಬೇಡ. ಇರು, ಬಂದೆ ಅನ್ನುತ್ತಿದ್ದೇನೆ. ಎಷ್ಟು ವರ್ಷ ಹಿಡಿಯುತ್ತದೋ ನನಗೆ ಗೊತ್ತಿಲ್ಲ. ನನ್ನ ಮುಂದೆ ಪರದೆ ಹಾಕಬೇಡ. ಗಡಿಯಾರದ ಹಲ್ಲು ಸರಿಮಾಡಿಸಬೇಡ. ಮಧ್ಯಾಹ್ನಕ್ಕೊಂದು ಚಿತ್ರ ಸಾಲದು